ಎದುರು ರಾಜಕೀಯದವರ ಬಗ್ಗೆ ಕರುಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಜಕೀಯದ ವಿಷಯಕ್ಕೆ ಮನೆಯವರ ಜೊತೆ, ಗೆಳೆಯರ ಜೊತೆ ಮಾತು ಬಿಟ್ಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವು ಮಾತಿನ ನಡುವೆ ಬಂದವು, ಕೆಲವು ಕಾಗದದಲ್ಲಿ ಬಂದವು, ಕೆಲವು ರಾತ್ರಿ ಹನ್ನೊಂದು ಗಂಟೆಯ ಫೋನಿನಲ್ಲಿ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಿ.

## ಶುರುವಿನ ಪ್ರಶ್ನೆಗಳು

ಅವರ ನಿಲುವೇ ತಪ್ಪು. ಅಂಥವರ ಮೇಲೆ ನಾನ್ಯಾಕೆ ಕರುಣೆ ತೋರಿಸಬೇಕು?

ಮೊದಲು ಒಂದು ಮಾತು ಕೇಳುತ್ತೇನೆ. ಅವರು ಎದುರಿಗೆ ಇಲ್ಲದಾಗಲೂ, ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಮನಸ್ಸಿನೊಳಗೇ ಅವರಿಗೆ ಉತ್ತರ ಕೊಡುತ್ತಾ ಇರುತ್ತೀರಲ್ವಾ? ಆ ವಾದದಲ್ಲಿ ನೀವು ಪ್ರತಿಸಲವೂ ಗೆಲ್ಲುತ್ತೀರಿ. ಆದರೂ ಅದು ಮುಗಿಯುವುದಿಲ್ಲ. ಯಾಕೆಂದರೆ ಅಲ್ಲಿ ಎದುರಿಗಿರುವುದು ಆ ಮನುಷ್ಯ ಅಲ್ಲ, ನೀವೇ ಮಾಡಿಕೊಂಡ ಬೊಂಬೆ.

ಕರುಣೆ ಅಂದರೆ ನಾನು ಹೇಳುವುದು ಇಷ್ಟೇ: ಈ ಮನುಷ್ಯ ಏನನ್ನು ಕಳೆದುಕೊಳ್ಳುತ್ತೇನೆ ಅಂತ ಹೆದರಿದ್ದಾರೆ, ಅದನ್ನು ನೋಡುವುದು. ಕೆಲಸ ಇರಬಹುದು, ಮರ್ಯಾದೆ ಇರಬಹುದು, ಮಕ್ಕಳ ಭವಿಷ್ಯ ಇರಬಹುದು, ತಾವು ಬೆಳೆದ ಲೋಕವೇ ಇರಬಹುದು. ಅದು ಕಂಡರೆ ಬೊಂಬೆ ಹೋಗಿ ಮನುಷ್ಯ ಕಾಣುತ್ತಾನೆ. ಮನುಷ್ಯ ಕಂಡ ಮೇಲೆ ನಿಮ್ಮ ವಾದ ಕೂಡ ಸರಿಯಾದ ಜಾಗಕ್ಕೆ ಹೋಗಿ ಮುಟ್ಟುತ್ತದೆ.

ಇನ್ನೊಂದು ಕಾರಣವೂ ಇದೆ. ಚುನಾವಣೆಯಲ್ಲಿ ಯಾರೇ ಗೆಲ್ಲಲಿ, ಸೋತ ಕಡೆಯವರು ಮಾರನೇ ದಿನ ಎಲ್ಲೂ ಹೋಗುವುದಿಲ್ಲ. ಅದೇ ಬೀದಿ, ಅದೇ ಆಫೀಸು, ಅದೇ ಮನೆ. ಅವರ ಜೊತೆಯೇ ಬಾಳಬೇಕು.

ಕರುಣೆ ಅಂದ್ರೆ ಕೊನೆಗೆ ಒಪ್ಪಿಕೊಳ್ಳೋದೇ ಅಲ್ವಾ?

ಅಲ್ಲ. ಇದನ್ನು ತೋರಿಸಲು ನನಗೆ ಮೊದಲು ನೆನಪಾಗುವುದು ತಮಿಳುನಾಡಿನ ಇಬ್ಬರು ನಾಯಕರು, ಹಳೆಯ ಗೆಳೆಯರು, ರಾಜಾಜಿ ಮತ್ತು ಪೆರಿಯಾರ್.

ಇವರಿಬ್ಬರಿಗೆ ಹೊಂದದ ವಿಷಯ ಒಂದೆರಡಲ್ಲ. ದೇವರು, ಜಾತಿ, ಭಾಷೆ, ಶಿಕ್ಷಣ, ಎಲ್ಲದರಲ್ಲೂ ಒಬ್ಬರದು ಪೂರ್ವ, ಇನ್ನೊಬ್ಬರದು ಪಶ್ಚಿಮ. ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದಾಗ (ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು) ಶಾಲೆಗಳಲ್ಲಿ ಹಿಂದಿ ತಂದರು. ಪೆರಿಯಾರ್ ಬೀದಿಗಿಳಿದರು. 1938ರಲ್ಲಿ ಅದೇ ಸರ್ಕಾರ ಪೆರಿಯಾರ್ ಅವರನ್ನು ಜೈಲಿಗೆ ಹಾಕಿತು. 1953ರಲ್ಲಿ ರಾಜಾಜಿ ತಂದ ಶಾಲಾ ಯೋಜನೆ ಮಕ್ಕಳನ್ನು ಅಪ್ಪನ ಕುಲಕಸುಬಿಗೇ ಕಟ್ಟಿಹಾಕುತ್ತದೆ ಅಂತ ಮತ್ತೆ ದೊಡ್ಡ ಹೋರಾಟ ನಡೆಯಿತು. ಮುಂದಿನ ವರ್ಷ ರಾಜಾಜಿ ಅಧಿಕಾರ ಬಿಟ್ಟರು.

1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ಪೆರಿಯಾರ್ ಅವರಿಗೆ ಆಗ 93 ವರ್ಷ. ಗಾಲಿಕುರ್ಚಿಯಲ್ಲಿ ಸ್ಮಶಾನಕ್ಕೆ ಬಂದು ಗಳಗಳ ಅತ್ತರು. ಒಂದು ನಿಲುವನ್ನೂ ಬಿಟ್ಟುಕೊಟ್ಟಿರಲಿಲ್ಲ. ಆ ಅಳು ಒಪ್ಪಿಗೆಯಲ್ಲ, ಹಳೆಯ ಗೆಳೆಯ ಹೋದ ಅಂತ ಬಂದ ಅಳು.

"ಪಾಪ, ಅವರಿಗೆ ತಿಳುವಳಿಕೆ ಸಾಲದು" ಅಂದುಕೊಳ್ತೀನಿ. ಅದೂ ಕರುಣೆನೇ ತಾನೇ?

ಅದು ಕರುಣೆಯ ಬಟ್ಟೆ ಹಾಕಿಕೊಂಡ ತಾತ್ಸಾರ. ಎದುರಿನವರಿಗೆ ಇದು ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಬೈದರೆ ಮರೆತಾರು, ಹೀಗೆ "ಪಾಪ" ಅಂದಿದ್ದನ್ನು ಮರೆಯುವುದಿಲ್ಲ.

ಪರೀಕ್ಷೆ ಸುಲಭ. ನಿಮ್ಮ ಮನಸ್ಸಿನಲ್ಲಿರುವುದು "ಇವರಿಗೆ ನಾನು ಏನು ಕಲಿಸಲಿ" ಅಂತಲೋ ಅಥವಾ "ಇವರು ಏನು ಕಂಡಿದ್ದಾರೆ" ಅಂತಲೋ? ಎರಡನೆಯದಾದರೆ ನೀವು ಸರಿದಾರಿಯಲ್ಲಿದ್ದೀರಿ.

ಆ ಕಡೆಯವರೆಲ್ಲ ಒಂದೇ ಥರ. ಒಬ್ಬರನ್ನ ನೋಡಿದ್ರೆ ಸಾಕಲ್ವಾ?

ಇಲ್ಲಿ ನಮ್ಮ ಅಂದಾಜು ತುಂಬಾ ತಪ್ಪುತ್ತದೆ. ಇದನ್ನು ಅಳೆದು ನೋಡಿದ್ದಾರೆ. ಹೆಚ್ಚಿನ ಅಧ್ಯಯನ ಅಮೆರಿಕದಲ್ಲಿ ಆಗಿರುವುದರಿಂದ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ. ಅಲ್ಲಿನ ಎರಡು ದೊಡ್ಡ ಪಕ್ಷಗಳು ರಿಪಬ್ಲಿಕನ್ ಮತ್ತು ಡೆಮಾಕ್ರಾಟಿಕ್.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರನ್ನು ಕೇಳಿದರು: ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ದುಡಿಯುವವರು ನೂರಕ್ಕೆ ಎಷ್ಟು ಮಂದಿ? ಜನ ಸರಾಸರಿ 38 ಅಂದರು. ನಿಜದಲ್ಲಿ ಸುಮಾರು 2. ಡೆಮಾಕ್ರಾಟರಲ್ಲಿ ಸಲಿಂಗಿಗಳು, ದ್ವಿಲಿಂಗಿಗಳು ಎಷ್ಟು ಅಂದಾಗ 32 ಅಂದರು. ನಿಜದಲ್ಲಿ ಸುಮಾರು 6. ಮರುವರ್ಷ ಮೋರ್ ಇನ್ ಕಾಮನ್ ಎಂಬ ಸಂಸ್ಥೆ ಇನ್ನೊಂದು ಸಮೀಕ್ಷೆ ಹೊರತಂದಿತು. ಎದುರು ಪಕ್ಷದಲ್ಲಿ ಅತಿರೇಕದ ನಿಲುವಿನವರು ಎಷ್ಟಿದ್ದಾರೆ ಅಂತ ಎರಡೂ ಕಡೆಯವರು ಅಂದಾಜು ಮಾಡಿದರು. ಇದ್ದದ್ದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹೇಳಿದರು. ನನ್ನನ್ನು ಹೆಚ್ಚು ಕಾಡಿದ್ದು ಅದರ ಇನ್ನೊಂದು ಅಂಶ. ರಾಜಕೀಯ ಸುದ್ದಿಯನ್ನು ಸದಾ ನೋಡುವವರ ಅಂದಾಜೇ ಹೆಚ್ಚು ತಪ್ಪಿತ್ತು.

ಯಾಕೆ ಹೀಗೆ ಅಂತ ಯೋಚಿಸಿದರೆ ಅರ್ಥವಾಗುತ್ತದೆ. ಕೂಗಾಡುವವರು ಸುದ್ದಿಯಾಗುತ್ತಾರೆ. ಓಟು ಹಾಕಿ ಬಂದು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುವವರು ಸುದ್ದಿಯಾಗುವುದಿಲ್ಲ. ಆದರೆ ಅವರೇ ಜಾಸ್ತಿ.

ಓದಿದವರು, ಬುದ್ಧಿವಂತರು. ಕಣ್ಣೆದುರು ಇರೋ ಸತ್ಯ ಅವರಿಗೆ ಯಾಕೆ ಕಾಣಲ್ಲ?

1951ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ತುಂಬಾ ಒರಟಾದ ಆಟ. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು ಮುರಿಯಿತು. ಆಮೇಲೆ ಇಬ್ಬರು ಮನಶ್ಶಾಸ್ತ್ರಜ್ಞರು ಅದೇ ಪಂದ್ಯದ ಚಿತ್ರವನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಿ ಅಂದರು. ಡಾರ್ಟ್‌ಮತ್ ತಂಡದ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡದ್ದಕ್ಕಿಂತ ಪ್ರಿನ್ಸ್‌ಟನ್ ಹುಡುಗರಿಗೆ ಎರಡು ಪಟ್ಟಿಗಿಂತ ಜಾಸ್ತಿ ಕಂಡವು. ಚಿತ್ರ ಒಂದೇ. ಯಾರೂ ಸುಳ್ಳು ಹೇಳಿರಲಿಲ್ಲ.

2003ರ ಇನ್ನೊಂದು ಪ್ರಯೋಗ ಇದಕ್ಕಿಂತ ಖಾರ. ಬಡವರಿಗೆ ಸಹಾಯ ಕೊಡುವ ಎರಡು ಯೋಜನೆಗಳು, ಒಂದು ಧಾರಾಳ, ಇನ್ನೊಂದು ಬಿಗಿ. ನಿಮ್ಮ ಪಕ್ಷ ಇದನ್ನು ಬೆಂಬಲಿಸಿದೆ ಅಂದ ಕೂಡಲೇ ಜನ ತಮ್ಮ ತತ್ವಕ್ಕೇ ಎದುರಾದ ಯೋಜನೆಯನ್ನೂ ಒಪ್ಪಿದರು. ಪಕ್ಷದ ಹೆಸರು ನೋಡಿ ತೀರ್ಮಾನ ಮಾಡಿದಿರಾ ಅಂದರೆ, ಛೆ, ಇಲ್ಲಪ್ಪ, ಯೋಜನೆಯ ವಿವರ ಓದಿಯೇ ಅಂದರು. ಹೀಗಂದವರು ಎರಡೂ ಕಡೆ ಇದ್ದರು.

ಹಾಗಾಗಿ "ಅವರಿಗೆ ಯಾಕೆ ಕಾಣಲ್ಲ" ಅನ್ನುವ ಪ್ರಶ್ನೆ ಅವರನ್ನೊಬ್ಬರನ್ನೇ ಕೇಳುವಂಥದ್ದಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಅಭ್ಯಾಸ ನನಗೂ ಇದೆ, ನಿಮಗೂ ಇದೆ.

## ಮನೆಯೊಳಗೆ, ಗೆಳೆತನದೊಳಗೆ

ಅಪ್ಪನ ಜೊತೆ ಮಾತು ಶುರುವಾದ್ರೆ ಐದು ನಿಮಿಷಕ್ಕೆ ಜಗಳ. ಏನಂತ ಶುರು ಮಾಡ್ಲಿ?

ಅಭಿಪ್ರಾಯ ಕೇಳಬೇಡಿ, ಕತೆ ಕೇಳಿ. "ಈ ವಿಷಯದಲ್ಲಿ ನೀವೇನಂತೀರಿ" ಅಂದರೆ ಭಾಷಣ ಬರುತ್ತದೆ. "ಈ ವಿಷಯ ನಿಮಗೆ ಮೊದಲ ಸಲ ಮನಸ್ಸಿಗೆ ತಾಗಿದ್ದು ಯಾವಾಗ" ಅಂದರೆ ಬದುಕು ಬರುತ್ತದೆ.

ಇದನ್ನು ನಾನು ಕಲಿತದ್ದು ದೊಡ್ಡಪ್ಪನಿಂದ. ಒಂದು ಚುನಾವಣೆಯ ಹೊತ್ತಿನಲ್ಲಿ ಅವರಿಗೂ ನನಗೂ ಜೋರು ಮಾತಾಯಿತು. ಆಮೇಲೆ ಮೂರು ವರ್ಷ ಮಾತೇ ಇಲ್ಲ. ಮದುವೆ ಮನೆಯಲ್ಲಿ ಎದುರಾದರೆ ನಾನು ಪಕ್ಕಕ್ಕೆ ಹೋಗುತ್ತಿದ್ದೆ. ಒಂದು ದಿನ ಬೇರೆ ದಾರಿಯಿಲ್ಲದೆ ಅವರ ಮನೆಗೆ ಹೋದೆ. ಅವರು ಪೇಪರ್ ಓದುತ್ತಿದ್ದರು. ಅದರಲ್ಲಿದ್ದ ಒಂದು ಸುದ್ದಿಗೆ ಇಬ್ಬರ ಮೈಯೂ ಬಿಗಿಯಾಯಿತು. ವಾದ ಮಾಡುವ ಶಕ್ತಿ ನನಗಿರಲಿಲ್ಲ. "ದೊಡ್ಡಪ್ಪ, ಹೊರಗಿನವರು ಬಂದು ನಮ್ಮದನ್ನ ಕಿತ್ಕೊಳ್ತಾರೆ ಅಂತ ನಿಮಗೆ ಮೊದಲು ಅನ್ನಿಸಿದ್ದು ಯಾವಾಗ?" ಅಂತ ಕೇಳಿದೆ.

ಅವರು ಪೇಪರನ್ನು ಅರ್ಧಕ್ಕೆ ಮಡಚಿದರು. ಮತ್ತೆ ಅರ್ಧಕ್ಕೆ. ಇನ್ನು ಮಡಚಲು ಆಗದಷ್ಟು ದಪ್ಪವಾದ ಮೇಲೆ ಅದನ್ನು ತೊಡೆಯ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ಮಾತಾಡಿದರು. ಅವರಿಗೆ 41 ಆಗಿದ್ದಾಗ ಕಾರ್ಖಾನೆ ಮಾಲೀಕತ್ವ ಬದಲಾಯಿತಂತೆ. ಗೇಟಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದರಂತೆ. ಅದರಲ್ಲಿ ಅವರ ಹೆಸರಿತ್ತು. ಮನೆಯಲ್ಲಿ ಹೇಳಲಿಲ್ಲ. ಒಂದು ತಿಂಗಳು ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಹೊರಟು, ಬಸ್ ನಿಲ್ದಾಣದಲ್ಲಿ ಕೂತು, ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಮನೆಗೆ ಬರುತ್ತಿದ್ದರು. "ನಿಮ್ಮ ದೊಡ್ಡಮ್ಮನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ" ಅಂದರು.

ಅವರು ಆ ನೋವಿಗೆ ಹೊರಿಸಿದ ಕಾರಣ ಸರಿ ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಆ ಬೆಂಚಿನ ಮೇಲೆ ಕೂತ ಮನುಷ್ಯನನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ.

ನಿಮ್ಮ ಅಪ್ಪನ ಬಳಿಯೂ ಅಂಥದ್ದೊಂದು ಬೆಂಚು ಇರಬಹುದು. ಕೇಳಿ ನೋಡಿ. ಒಂದು ಎಚ್ಚರ: ನಾಲ್ಕು ಜನರ ಮುಂದೆ ಕೇಳಬೇಡಿ. ಜನ ಇದ್ದಾಗ ಯಾರೂ ಕತೆ ಹೇಳುವುದಿಲ್ಲ, ಮಾನ ಕಾಪಾಡಿಕೊಳ್ಳುತ್ತಾರೆ.

ಕೇಳಿಸಿಕೊಳ್ಳಿ ಅಂತೀರಿ. ಅಂದ್ರೆ ಬಾಯಿ ಮುಚ್ಕೊಂಡು ಸುಮ್ನೆ ಕೂರ್ಬೇಕಾ?

ಸುಮ್ಮನೆ ಕೂತರೆ ಅದು ಕಾಯುವುದು, ಕೇಳುವುದಲ್ಲ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ: "ಅಂದರೆ ನಿಮಗೆ ಹೀಗನ್ನಿಸಿತು, ಸರಿನಾ?" ಅವರು "ಹೂಂ, ಅದೇ" ಅನ್ನುವವರೆಗೆ ನಿಮ್ಮ ಸರದಿ ಬಂದಿಲ್ಲ ಅಂತ ತಿಳಿಯಿರಿ. ಆಮೇಲೆ ನಿಮ್ಮ ಕತೆ ಹೇಳಿ. ವಾದ ಅಲ್ಲ, ನಿಮಗೆ ಆದದ್ದು.

ಇದು ಬರೀ ಒಳ್ಳೆ ಮಾತಲ್ಲ. ಅಮೆರಿಕದ ಮಯಾಮಿಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ ಲಿಂಗಪರಿವರ್ತಿತರ ಬಗ್ಗೆ ಸುಮಾರು 10 ನಿಮಿಷ ಹೀಗೇ ಮಾತಾಡಿದರು. ತೀರ್ಪು ಕೊಡಲಿಲ್ಲ. ಬೇರೆಯವರು ನಿಮ್ಮನ್ನು ಹೊರಗಿಟ್ಟು ನೋಡಿದ ಒಂದು ಸಂದರ್ಭ ನೆನಪು ಮಾಡಿಕೊಳ್ಳಿ ಅಂತ ಕೇಳಿದರು. 2016ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಪೂರ್ವಗ್ರಹ ಕಡಿಮೆಯಾಗಿತ್ತು, ಮೂರು ತಿಂಗಳಾದರೂ ಆ ಬದಲಾವಣೆ ಉಳಿದಿತ್ತು. ಎಲ್ಲರೂ ಬದಲಾದರು ಅಂತಲ್ಲ. ಆದರೆ ಅಷ್ಟು ಚಿಕ್ಕ ಮಾತುಕತೆ ಅಷ್ಟು ದಿನ ಉಳಿದದ್ದೇ ದೊಡ್ಡದು.

ಮಾತಾಡ್ತಾ ಇದ್ದ ಹಾಗೇ ಮೈಯೆಲ್ಲ ಉರಿಯುತ್ತೆ. ಏನ್ಮಾಡ್ಲಿ?

ಎದ್ದು ಹೋಗಿ. ನಿಜವಾಗಿ ಹೇಳುತ್ತಿದ್ದೇನೆ. ಎದೆ ಹೊಡೆದುಕೊಳ್ಳುವಾಗ, ದನಿ ಏರುವಾಗ ಯಾರ ಕಿವಿಯೂ ಕೆಲಸ ಮಾಡುವುದಿಲ್ಲ. ಆದರೆ ಬಾಗಿಲು ಬಡಿದು ಹೋಗಬೇಡಿ. "ನನಗೆ ಈಗ ಸಿಟ್ಟು ಬಂದಿದೆ, ನಾಳೆ ಮಾತಾಡೋಣ" ಅಂತ ಹೇಳಿ ಹೋಗಿ. ನಾಳೆ ಮರೆಯದೆ ಬನ್ನಿ. ಎರಡನೆಯದೇ ಮುಖ್ಯ.

ಚಿಕ್ಕಮ್ಮ ಫ್ಯಾಮಿಲಿ ಗ್ರೂಪಲ್ಲಿ ಸುಳ್ಳು ಸುದ್ದಿ ಹಾಕ್ತಾರೆ. ಕರುಣೆ ಅಂತ ಸುಮ್ನಿರಬೇಕಾ?

ಬೇಡ. ಸುಳ್ಳನ್ನು ಸುಳ್ಳು ಅನ್ನಲೇಬೇಕು, ಅದರಲ್ಲೂ ಅದರಿಂದ ಯಾರಿಗಾದರೂ ಏಟು ಬೀಳುವ ಹಾಗಿದ್ದರೆ ತಡ ಮಾಡಬೇಡಿ. ಮಾತು ಎಲ್ಲಿ, ಹೇಗೆ ಹೇಳುತ್ತೀರಿ ಅನ್ನುವುದೇ ವಿಷಯ. ಗ್ರೂಪಿನಲ್ಲಿ ಸುದ್ದಿಯ ಬಗ್ಗೆ ಮಾತ್ರ ಒಂದು ಸಾಲು ಬರೆಯಿರಿ: "ಈ ಫೋಟೋ ಹಳೆಯದು, ಬೇರೆ ಕಡೆಯದು." ಚಿಕ್ಕಮ್ಮನ ಬಗ್ಗೆ ಒಂದು ಅಕ್ಷರವೂ ಬೇಡ. ಆಮೇಲೆ ಅವರಿಗೇ ಫೋನ್ ಮಾಡಿ. "ಚಿಕ್ಕಮ್ಮ, ಅದನ್ನ ನೋಡಿ ನಿಮಗೆ ಗಾಬರಿ ಆಯ್ತಾ?" ಅಂತ ಕೇಳಿ. ಬಹಳ ಸಲ ಉತ್ತರ "ಹೌದು" ಅಂತಲೇ ಇರುತ್ತದೆ. ಸುದ್ದಿ ಸುಳ್ಳು, ಗಾಬರಿ ನಿಜ.

"ತಿದ್ದಿದರೆ ಇನ್ನೂ ಹಟ ಮಾಡ್ತಾರೆ" ಅನ್ನುವ ಭಯ ಹಲವರಿಗಿದೆ. 2010ರ ಒಂದು ಅಧ್ಯಯನದಿಂದ ಈ ಮಾತು ಎಲ್ಲೆಡೆ ಹರಡಿತು. ಆಮೇಲೆ 10,000ಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು, 52 ವಿಷಯಗಳಲ್ಲಿ ಅದನ್ನು ಮತ್ತೆ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಅಂಥ ಹಟ ಹೆಚ್ಚುಕಮ್ಮಿ ಸಿಗಲೇ ಇಲ್ಲ. ತಿದ್ದಿದಾಗ ಜನ ಸಾಮಾನ್ಯವಾಗಿ ಮಾಹಿತಿ ತಿದ್ದಿಕೊಳ್ಳುತ್ತಾರೆ. ಹಾಗಂತ ಪಕ್ಷ ಬದಲಿಸುತ್ತಾರೆ ಅಂತಲ್ಲ. ಅದು ಬೇರೆ ಮಾತು.

ಇಪ್ಪತ್ತು ವರ್ಷದ ಗೆಳೆತನ ರಾಜಕೀಯಕ್ಕೆ ಮುರಿದುಹೋಯ್ತು. ಈಗ ಮೊದಲು ಯಾರು ಮಾತಾಡ್ಬೇಕು?

ನಿಮಗೆ ಈ ಪ್ರಶ್ನೆ ಬಂದಿದೆಯಲ್ಲ, ಹಾಗಾದರೆ ನೀವೇ.

ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಒಟ್ಟಿಗೆ ದುಡಿದವರು. ಆಮೇಲೆ ಬೇರೆ ಬೇರೆ ಪಕ್ಷವಾದರು. 1800ರ ಅಧ್ಯಕ್ಷ ಚುನಾವಣೆಯಲ್ಲಿ ಎದುರುಬದುರು ನಿಂತರು. ಎರಡೂ ಕಡೆ ಕೆಸರೆರಚಾಟ ಕೆಟ್ಟದಾಗಿ ನಡೆಯಿತು. ಸೋತ ಆಡಮ್ಸ್, ಜೆಫರ್ಸನ್ ಅಧಿಕಾರ ವಹಿಸಿಕೊಳ್ಳುವ ಸಮಾರಂಭಕ್ಕೂ ನಿಲ್ಲದೆ ಬೆಳಗಿನ ಜಾವವೇ ಊರು ಬಿಟ್ಟರು. ಹತ್ತು ವರ್ಷದಷ್ಟು ಕಾಲ ಇಬ್ಬರ ನಡುವೆ ಮಾತಿಲ್ಲ.

ಇಬ್ಬರಿಗೂ ಬೇಕಾದ ಗೆಳೆಯರೊಬ್ಬರಿದ್ದರು, ವೈದ್ಯ ಬೆಂಜಮಿನ್ ರಷ್. ಅವರು ಇಬ್ಬರಿಗೂ ಕಾಗದ ಬರೆಯುತ್ತಲೇ ಇದ್ದರು. ಆಡಮ್ಸ್ ಅವರನ್ನು ನೋಡಲು ಹೋಗಿದ್ದ ಕೆಲವರು, ಜೆಫರ್ಸನ್ ಬಗ್ಗೆ ತಮಗೆ ಯಾವತ್ತೂ ಪ್ರೀತಿ ಇತ್ತು, ಈಗಲೂ ಇದೆ ಅಂತ ಆಡಮ್ಸ್ ಆಡಿದ ಮಾತನ್ನು ಜೆಫರ್ಸನ್ ಕಿವಿಗೆ ಮುಟ್ಟಿಸಿದರು. ಸಾಮಾನ್ಯವಾಗಿ ಮೂರನೆಯವರ ಬಾಯಲ್ಲಿ ಬರುವುದು ಚಾಡಿ. ಇಲ್ಲಿ ಒಂದು ಒಳ್ಳೆ ಮಾತು ಬಂತು. ಅದೇ ಸಾಕಾಯಿತು. 1812ರ ಜನವರಿ 1ರಂದು ಆಡಮ್ಸ್ ಒಂದು ಚಿಕ್ಕ ಕಾಗದ ಬರೆದರು. ಅದರಲ್ಲಿ ಹಳೆಯ ಜಗಳದ ಸುದ್ದಿ ಇರಲಿಲ್ಲ, ಮಗ ಬರೆದ ಪುಸ್ತಕ ಕಳಿಸುತ್ತಿದ್ದೇನೆ ಅಂತ ಇತ್ತು. ಅಲ್ಲಿಂದ ಇಬ್ಬರ ನಡುವೆ 150ಕ್ಕೂ ಹೆಚ್ಚು ಕಾಗದ ಹೋಗಿ ಬಂದವು. ಇಬ್ಬರೂ ಒಂದೇ ದಿನ ತೀರಿಕೊಂಡರು, 1826ರ ಜುಲೈ 4. ಅವರು ಒಟ್ಟಿಗೆ ತಂದ ಘೋಷಣೆಗೆ ಅಂದು 50 ವರ್ಷ.

ನೀವೂ ಹಳೆಯ ವಾದದಿಂದ ಶುರು ಮಾಡಬೇಡಿ. ಚಿಕ್ಕದೊಂದು ಸುದ್ದಿ ಕಳಿಸಿ. ಇಬ್ಬರಿಗೂ ಬೇಕಾದವರು ಯಾರಾದರೂ ಇದ್ದರೆ ಅವರ ಹತ್ತಿರ ನಿಮ್ಮ ಗೆಳೆಯನ ಬಗ್ಗೆ ಒಂದು ಒಳ್ಳೆ ಮಾತಾಡಿ. ಅದು ತಲುಪುತ್ತದೆ.

## ಕಷ್ಟದ ಪ್ರಶ್ನೆಗಳು

ಅವರ ರಾಜಕೀಯ ನನ್ನ ಬದುಕಿನ ಮೇಲೇ ತೂಗ್ತಿರೋ ಕತ್ತಿ. ನಾನೂ ಕರುಣೆ ತೋರಿಸ್ಬೇಕಾ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ನಿಧಾನವಾಗಿ ಉತ್ತರ ಕೊಡುತ್ತೇನೆ. ಇಲ್ಲ, ತೋರಿಸಲೇಬೇಕು ಅಂತ ನಿಮಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಏಟು ತಿನ್ನುತ್ತಿರುವವರಿಗೆ "ಹೊಡೆಯುವವನ ನೋವನ್ನೂ ನೋಡು" ಅನ್ನುವುದು ಎರಡನೇ ಏಟು. ಮೊದಲು ನಿಮ್ಮ ರಕ್ಷಣೆ. ದೂರ ಇರಬೇಕಾದರೆ ದೂರ ಇರಿ. ಕರುಣೆಯ ಕೆಲಸವನ್ನು ಅಪಾಯವಿಲ್ಲದ ಜಾಗದಲ್ಲಿರುವವರು ಮೊದಲು ಮಾಡಬೇಕು. ನನ್ನಂಥವರು.

ಆದರೂ ಕೆಲವರು ತಾವಾಗಿ ಆ ದಾರಿ ಹಿಡಿದದ್ದಿದೆ. 1971ರಲ್ಲಿ ಅಮೆರಿಕದ ಡರ್ಹ್ಯಾಮ್ ಊರಿನಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸುವ ಬಗ್ಗೆ 10 ದಿನದ ಸಭೆ ನಡೆಯಿತು. ಅದರ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಆ್ಯನ್ ಅಟ್‌ವಾಟರ್, ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದವರು. ಇನ್ನೊಬ್ಬರು ಸಿ.ಪಿ. ಎಲ್ಲಿಸ್, ಬಿಳಿಯರೇ ಮೇಲು ಅನ್ನುವ ಹಿಂಸೆಯ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಆ ಊರಿನ ಮುಖಂಡ. ಮೊದಲು ಒಬ್ಬರಿಗೊಬ್ಬರು ಮುಖ ಕೊಡುತ್ತಿರಲಿಲ್ಲ. ಒಂದು ದಿನ ಇಬ್ಬರೂ ಕೂತು ಮಾತಾಡುವಾಗ ಗೊತ್ತಾಯಿತು: ಇವರಿಬ್ಬರು ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ ಅಂತ ಇಬ್ಬರ ಮಕ್ಕಳನ್ನೂ ಶಾಲೆಯಲ್ಲಿ ಹೀಯಾಳಿಸುತ್ತಿದ್ದಾರೆ. ಇಬ್ಬರೂ ಬಡವರು, ಇಬ್ಬರ ಮಕ್ಕಳೂ ಅಳುತ್ತಾ ಮನೆಗೆ ಬರುತ್ತಿದ್ದಾರೆ. ಸಭೆಯ ಕೊನೆಯ ದಿನ ಎಲ್ಲಿಸ್ ಎಲ್ಲರೆದುರು ಕ್ಲಾನಿನ ಸದಸ್ಯತ್ವದ ಕಾರ್ಡು ಹರಿದು ಹಾಕಿದರು. ಇಬ್ಬರ ಗೆಳೆತನ 2005ರಲ್ಲಿ ಎಲ್ಲಿಸ್ ಸಾಯುವವರೆಗೂ ಇತ್ತು.

ಈ ಕತೆ ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಆ ಸಭೆಯಲ್ಲಿ ಇಬ್ಬರಿಗೂ ಸಮನಾದ ಕುರ್ಚಿ ಇತ್ತು. ಮಾಡಿ ಮುಗಿಸಬೇಕಾದ ಒಂದು ಕೆಲಸ ಇಬ್ಬರ ಮುಂದೆಯೂ ಇತ್ತು. ಸುಮ್ಮನೆ ಹತ್ತಿರ ಬಂದರೆ ದ್ವೇಷ ಕರಗುವುದಿಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಹೇಳಿದ್ದರು. ಸಮಾನ ಸ್ಥಾನ, ಒಂದೇ ಗುರಿ, ಒಟ್ಟಿಗೆ ದುಡಿಮೆ, ಮೇಲಿನವರ ಬೆಂಬಲ, ಇವು ಇದ್ದರೆ ಒಡನಾಟ ಫಲ ಕೊಡುತ್ತದೆ. ನಿಮಗೆ ಸಮನಾದ ಕುರ್ಚಿಯೇ ಸಿಗದ ಕಡೆ ಹೋಗಿ ಕೂರಲೇಬೇಕು ಅಂತ ಯಾರೂ ಒತ್ತಾಯ ಮಾಡಬಾರದು.

ಮನಸ್ಸು ಮೆತ್ತಗಾದ್ರೆ ಹೋರಾಟವೂ ಮೆತ್ತಗಾಗಲ್ವಾ?

ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರನ್ನು ಜೈಲಿಗೆ ಕಳಿಸಿದ ಸರ್ಕಾರದಲ್ಲಿ ಜನರಲ್ ಸ್ಮಟ್ಸ್ ಮುಖ್ಯ ವ್ಯಕ್ತಿ. ಆ ಸ್ಮಟ್ಸ್ ವಿರುದ್ಧ ಗಾಂಧಿ ವರ್ಷಗಟ್ಟಲೆ ಸತ್ಯಾಗ್ರಹ ನಡೆಸಿದರು. 1914ರಲ್ಲಿ ಆ ದೇಶ ಬಿಡುವಾಗ ತಾವೇ ಮಾಡಿದ ಒಂದು ಜೊತೆ ಚಪ್ಪಲಿಯನ್ನು ಸ್ಮಟ್ಸ್‌ಗೆ ಕೊಟ್ಟು ಬಂದರು. ಸ್ಮಟ್ಸ್ ಅದನ್ನು ಎಷ್ಟೋ ಬೇಸಿಗೆ ಹಾಕಿಕೊಂಡರು. 1939ರಲ್ಲಿ ಗಾಂಧಿಗೆ 70 ತುಂಬಿದಾಗ, ಅಂಥ ಮನುಷ್ಯನ ಚಪ್ಪಲಿಯಲ್ಲಿ ಕಾಲಿಡುವ ಯೋಗ್ಯತೆ ತಮಗಿಲ್ಲ ಅಂತ ಹೇಳಿ ಅವನ್ನು ಹಿಂದಕ್ಕೆ ಕಳಿಸಿದರು.

ಒಂದು ಜೊತೆ ಚಪ್ಪಲಿ ಮಾಡಬೇಕಾದರೆ ಚರ್ಮ ಕತ್ತರಿಸಬೇಕು, ಹೊಲಿಯಬೇಕು, ಪಟ್ಟಿ ಜೋಡಿಸಬೇಕು. ಎದುರಾಳಿಗಾಗಿ ಅಷ್ಟು ಹೊತ್ತು ಕೈಕೆಲಸ. ಆದರೂ ಸತ್ಯಾಗ್ರಹ ಮೆತ್ತಗಾಗಲಿಲ್ಲ.

ಮಂಡೇಲಾ ಕೂಡ ಹಾಗೆಯೇ. 27 ವರ್ಷದ ಸೆರೆವಾಸದಲ್ಲಿ ತಮ್ಮನ್ನು ಕೂಡಿಹಾಕಿದವರ ಭಾಷೆ ಆಫ್ರಿಕಾನ್ಸ್ ಕಲಿತರು. ಜೊತೆಯ ಕೆಲವು ಕೈದಿಗಳಿಗೆ ಅದು ಇಷ್ಟವಾಗಲಿಲ್ಲ. ಆದರೆ ಎದುರಿನವರ ಭಯ ಯಾವ ಮಾತಿನಲ್ಲಿದೆಯೋ ಆ ಮಾತು ಗೊತ್ತಿದ್ದವರೇ ಅವರ ಜೊತೆ ಮಾತುಕತೆಗೆ ಕೂರಬಲ್ಲರು.

ಎರಡೂ ಕಡೆ ಸಮ ಅಂತ ಹೇಳ್ತಿದೀರಾ?

ಇಲ್ಲ. ಕೆಲವು ನಿಲುವುಗಳು ಜನರನ್ನು ಕೊಲ್ಲುತ್ತವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸೋಮಾರಿತನ. ನಿಲುವನ್ನು ತೂಗಿ, ತಪ್ಪಿದ್ದರೆ ತಪ್ಪು ಅನ್ನಿ, ಸೋಲಿಸಲು ದುಡಿಯಿರಿ. ಮನುಷ್ಯನನ್ನು ತೂಗುವ ತಕ್ಕಡಿ ಬೇರೆ.

ದ್ವೇಷ ಹಚ್ಚಿ ಓಟು ತಗೊಳ್ಳೋ ನಾಯಕರ ಮೇಲೂ ಇದೇ ಕರುಣೆನಾ?

ನಾನು ಇಲ್ಲಿ ಒಂದು ಗೆರೆ ಎಳೆಯುತ್ತೇನೆ. ಹೆದರಿದವರು ಬೇರೆ, ಹೆದರಿಕೆ ಮಾರುವವರು ಬೇರೆ. ಮಾರುವವರಿಗೆ ಸಲ್ಲಬೇಕಾದದ್ದು ಮೊದಲು ಲೆಕ್ಕ ಕೇಳುವ ಪ್ರಶ್ನೆ, ಕಾನೂನು, ಸೋಲು. ಅವರ ಬಗ್ಗೆಯೂ ಮರುಕ ಹುಟ್ಟಿದರೆ ಅದು ನಿಮ್ಮ ದೊಡ್ಡತನ, ಆದರೆ ನಾನು ಅದನ್ನು ಕೇಳುವುದಿಲ್ಲ. ನನಗೆ ಚಿಂತೆ ಇನ್ನೊಂದರ ಬಗ್ಗೆ. ನಾಯಕನ ಮೇಲಿನ ಸಿಟ್ಟನ್ನು ನಾವು ಅವನನ್ನು ನಂಬಿದ ಪಕ್ಕದ ಮನೆಯವರ ಮೇಲೆ ತೀರಿಸಿಕೊಳ್ಳುತ್ತೇವೆ. ನಾಯಕನಿಗೆ ಬೇಕಾದದ್ದೂ ಅದೇ.

ಆ ಕಡೆಯವರ ಬರಹ, ವಿಡಿಯೋ ನೋಡಿದ್ರೆ ಅರ್ಥವಾಗುತ್ತೆ ಅಂತಾರೆ. ನೋಡಿದ್ರೆ ನನಗೆ ಇನ್ನೂ ಸಿಟ್ಟು ಬರುತ್ತೆ. ನನ್ನಲ್ಲೇ ದೋಷನಾ?

ನಿಮ್ಮಲ್ಲಿ ದೋಷ ಇಲ್ಲ. ಅಮೆರಿಕದಲ್ಲಿ ಕೆಲವರಿಗೆ ಹಣ ಕೊಟ್ಟು, ಎದುರು ಪಾಳೆಯದ ಗಣ್ಯರ ಮಾತುಗಳನ್ನು ಟ್ವಿಟರ್‌ನಲ್ಲಿ ಒಂದು ತಿಂಗಳು ದಿನಾ ಓದಿಸಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ರಿಪಬ್ಲಿಕನ್ನರು ಮೊದಲಿಗಿಂತ ಹೆಚ್ಚು ಸಂಪ್ರದಾಯವಾದಿಗಳಾದರು. ಡೆಮಾಕ್ರಾಟರಲ್ಲೂ ಹತ್ತಿರ ಬಂದ ಲಕ್ಷಣ ಕಾಣಲಿಲ್ಲ.

ಪರದೆಯ ಮೇಲೆ ನಿಮಗೆ ಸಿಗುವುದು ನಿಲುವು ಮಾತ್ರ, ಅದೂ ಗೆಲ್ಲಲು ಹೊರಟ ನಿಲುವು. ಅದರ ಹಿಂದಿನ ಬದುಕು ಸಿಗುವುದಿಲ್ಲ. ಹತ್ತು ವಿಡಿಯೋ ಬಿಡಿ, ಗುರುತಿನವರೊಬ್ಬರ ಜೊತೆ ಅರ್ಧ ಗಂಟೆ ನಡೆದಾಡಿ. ಪಕ್ಕಪಕ್ಕದಲ್ಲಿ ನಡೆಯುವಾಗ ಕಣ್ಣಿಗೆ ಕಣ್ಣು ಇಟ್ಟು ಮಾತಾಡುವ ಒತ್ತಡ ಇರುವುದಿಲ್ಲ. ಮಾತು ಸಲೀಸಾಗಿ ಬರುತ್ತದೆ.

ನನ್ನ ಕಡೆಯವರೇ ನನ್ನನ್ನ ದ್ರೋಹಿ ಅಂತಿದಾರೆ. ಹೇಗೆ ತಡ್ಕೊಳ್ಳಲಿ?

ಇದು ನೋಯುತ್ತದೆ. ಎದುರಿನವರ ಬೈಗುಳಕ್ಕಿಂತ ಜಾಸ್ತಿ ನೋಯುತ್ತದೆ. ಅವರಿಗೂ ಒಂದು ಭಯ ಇದೆ, ಅದನ್ನೂ ನೋಡಿ: ಒಬ್ಬರು ಸಡಿಲವಾದರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ ಅಂತ. ಹಾಗಾಗಿ ಬಾಯಲ್ಲಿ ಸಮಜಾಯಿಷಿ ಕೊಡುವ ಬದಲು ಕೆಲಸದಲ್ಲಿ ತೋರಿಸಿ. ಸಭೆಗೆ ಹೋಗಿ, ಕರಪತ್ರ ಹಂಚಿ, ನಿಮ್ಮ ನಿಲುವಿಗೆ ದುಡಿಯಿರಿ. ಎದುರಿನವರನ್ನು ಹೀಯಾಳಿಸುವ ಮಾತು ಬಂದಾಗ ಮಾತ್ರ ನಗಬೇಡಿ. ಭಾಷಣ ಬೇಡ, ನಗದಿದ್ದರೆ ಸಾಕು. ಪಕ್ಕದಲ್ಲಿ ಇನ್ನೊಬ್ಬರು ನಗದೆ ಕೂತಿರುವುದು ಆಗ ಕಾಣುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅವರು ಬದಲಾಗದೇ ಇದ್ರೆ?

ಬದಲಾಗದೇ ಇರಬಹುದು. ಬದಲಾಯಿಸುವ ಉಪಾಯ ಅಂತ ಕರುಣೆಯನ್ನು ಹಿಡಿದರೆ ಅವರಿಗೆ ಅದು ವಾಸನೆ ಹೊಡೆಯುತ್ತದೆ, ನಿಮಗೂ ಬೇಗ ಸುಸ್ತಾಗುತ್ತದೆ.

ಮೇಲೆ ಹೇಳಿದ ದೊಡ್ಡಪ್ಪ ಬದಲಾಗಲಿಲ್ಲ. ನಾನೂ ಬದಲಾಗಲಿಲ್ಲ. ಕಳೆದ ಚುನಾವಣೆಯ ದಿನ ಬೆಳಿಗ್ಗೆ ಏಳೂವರೆಗೆ ಅವರ ಫೋನು ಬಂತು. "ಓಟು ಹಾಕಿದ್ಯಾ?" ಅಂದರು. ಇಲ್ಲ ದೊಡ್ಡಪ್ಪ, ಈಗ ಹೊರಡ್ತಿದೀನಿ ಅಂದೆ. "ಬಿಸಿಲೇರೋ ಮುಂಚೆ ಹೋಗು, ಕ್ಯೂ ಜಾಸ್ತಿಯಾಗುತ್ತೆ" ಅಂದರು. ನಾನು ಯಾರಿಗೆ ಹಾಕುತ್ತೇನೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.